ಪುಷ್ಪಲತಾ ಕಲಿಸಿದ ಮಣಿಕಟ್ಟಿನ ಪಟ್ಟು

ಪುಷ್ಪಲತಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಅರ್ಧ ರಾಣೆಬೆನ್ನೂರಿಗೆ ಗೊತ್ತು. ಉಳಿದರ್ಧಕ್ಕೆ ಅವಳಿಂದ ಬೈಸಿಕೊಳ್ಳುವ ಯೋಗ ಇನ್ನೂ ಕೂಡಿಬಂದಿಲ್ಲ, ಅಷ್ಟೇ. ಗಂಡ ವೀರೇಂದ್ರನ ಬೀಜದ ಅಂಗಡಿಯ ಮೇಲಿನ ತಗಡಿನ ಶೆಡ್ಡಿನಲ್ಲಿ ಸಂಜೆ ಹೆಣ್ಣುಮಕ್ಕಳಿಗೆ ಜಪಾನಿನ ಹಳೆಯ ಕೈವಿದ್ಯೆ ಕಲಿಸುತ್ತಾಳೆ. ಊರು ಅದಕ್ಕೆಲ್ಲ ಇಟ್ಟ ಹೆಸರು ಒಂದೇ, ಕರಾಟೆ. ಏಟುಗಳು ಕರಾಟೆಯವು, ಪಟ್ಟುಗಳು ಜುಜುತ್ಸುವಿನವು ಎಂದು ಮೊದಮೊದಲು ತಿದ್ದುತ್ತಿದ್ದಳು. ಆಮೇಲೆ ತಿದ್ದಿ ತಿದ್ದಿ ಬೇಸತ್ತು ಬಿಟ್ಟಳು.

ಅವಳು ಕಲಿತದ್ದು ಹಾವೇರಿಯಲ್ಲಿ, ಕಾಲೇಜಿನ ದಿನಗಳಲ್ಲಿ, ಗುರುರಾಜ ಸರ್ ಹತ್ತಿರ. ಅಷ್ಟೂ ಹುಡುಗರ ನಡುವೆ ಇವಳೊಬ್ಬಳೇ ಹುಡುಗಿ. ಅಪ್ಪ ಪ್ರಭುಲಿಂಗಪ್ಪನಿಗೆ ಸುದ್ದಿ ತಿಳಿದ ದಿನ ಮನೆಯಲ್ಲಿ ದೊಡ್ಡ ರಂಪವಾಯಿತು. ಹೆಣ್ಣಿನ ಕೈ ಹೀಗೆ ಗಡಸಾದರೆ ಯಾರು ಮದುವೆಯಾಗುತ್ತಾರೆ ಎಂಬುದು ಅವರ ಚಿಂತೆ. ನೋಡಲು ಬಂದವರ ಮುಂದೆ ಕೈ ಮುಚ್ಚಿಕೊಂಡು ಕೂರು ಎಂದು ಹೇಳಿಯೂ ಇದ್ದರು. ಅವಳು ಬೇಕೆಂತಲೇ ಬೆರಳ ಗೆಣ್ಣುಗಳ ಮೇಲಿನ ದಡ್ಡು ಕಾಣುವ ಹಾಗೆ ಚಹಾದ ತಟ್ಟೆ ಹಿಡಿದಳು. ಹುಡುಗ ನಕ್ಕ. ಆ ನಗು ನೋಡಿಯೇ ವೀರೇಂದ್ರನನ್ನು ಒಪ್ಪಿದೆ ಎಂದು ಈಗಲೂ ಹೇಳುತ್ತಾಳೆ, ಸಿಟ್ಟಿಲ್ಲದ ದಿನ.

ಅಂಗೈಯ ಅಂಚಿನಿಂದ ಕತ್ತಿನ ಬದಿಗೆ ಕೊಡುವ ಏಟು, ಅಂಗೈಯ ಬುಡದಿಂದ ಗದ್ದಕ್ಕೆ ಕೊಡುವ ಗುದ್ದು, ಎಲ್ಲವನ್ನೂ ಕಲಿಸುತ್ತಾಳೆ. ಆದರೆ ಅವಳ ಜೀವ ಇರುವುದು ಮಣಿಕಟ್ಟಿನ ಪಟ್ಟಿನಲ್ಲಿ. ಎದುರಿನವನ ಹಿಂಗೈ ಮೇಲೆ ಹೆಬ್ಬೆರಳೂರಿ, ಕೈಯನ್ನು ಹೊರಕ್ಕೆ ಹೊರಳಿಸಿ ಕೆಳಗೆ ಒತ್ತಿದರೆ ಎಂಥ ಧಡೂತಿಯೂ ಮೊಣಕಾಲೂರುತ್ತಾನೆ. ಇದರ ಜೊತೆಗೆ ಒಂದು ಕಟ್ಟುನಿಟ್ಟು ಇತ್ತು. ಪಟ್ಟಿಗೆ ಸಿಕ್ಕವಳು ನೋವು ತಾಳದೆ ನೆಲವನ್ನು ಪಟಪಟ ತಟ್ಟಿದರೆ ಹಿಡಿದವಳು ಆ ಕ್ಷಣವೇ ಬಿಡಬೇಕು, ಇಲ್ಲದಿದ್ದರೆ ಕೀಲು ಹೋಗುತ್ತದೆ. ತಡಮಾಡಿದ ಹುಡುಗಿಗೆ ಎಲ್ಲರೆದುರು ಮಂಗಳಾರತಿಯಾಗುತ್ತಿತ್ತು. ಹಾಗೆ ಬೈದು ಬೈದು, ತಟ್ಟಿದ ಸದ್ದು ಕಿವಿಗೆ ಬಿದ್ದರೆ ಸಾಕು, ಹುಡುಗಿಯರ ಕೈ ತಾನಾಗಿಯೇ ಬಿಚ್ಚಿಕೊಳ್ಳುವಂತೆ ಪಳಗಿಸಿಬಿಟ್ಟಿದ್ದಳು.

ಎಲ್ಲರಿಗಿಂತ ಚೆನ್ನಾಗಿ ಪಳಗಿದವಳು ಬೇನಜೀರ. ಬ್ಯಾಡಗಿಯಿಂದ ದಿನಾಲು ರಾಣೆಬೆನ್ನೂರಿನ ಕಾಲೇಜಿಗೆ ಬಂದು, ಸಂಜೆ ಕ್ಲಾಸು ಮುಗಿಸಿ ಬಸ್ಸು ಹಿಡಿಯುತ್ತಿದ್ದಳು. ಒಮ್ಮೆ ಇದ್ದಕ್ಕಿದ್ದಂತೆ ಬರುವುದು ನಿಂತಿತು. ಫೋನಿಗೂ ಸಿಗಲಿಲ್ಲ. ಕೊನೆಗೆ ಅದೇ ಬಸ್ಸಿನಲ್ಲಿ ಓಡಾಡುವ ಶ್ವೇತಾ ಬಾಯಿ ಬಿಟ್ಟಳು.

ಕದರಮಂಡಲಗಿ ದಾಟಿದ ಮೇಲೆ, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ, ಹಿಂದೆ ನಿಂತ ಗಂಡಸೊಬ್ಬ ಬೇನಜೀರಳ ಸೊಂಟಕ್ಕೆ ಕೈ ಹಾಕಿದ್ದ. ಹುಡುಗಿ ಹೆದರಲಿಲ್ಲ. ಆ ಕೈಯನ್ನೇ ಹಿಡಿದು, ಹೊರಳಿಸಿ, ಒತ್ತಿದಳು. ಅವನು ಕೂಗುತ್ತ ಮೊಣಕಾಲ ಮೇಲೆ ಕುಸಿದ. ನೋವಿಗೆ ಪಕ್ಕದ ಸೀಟಿನ ತಗಡನ್ನು ಪಟಪಟ ಬಡಿದ. ಬೇನಜೀರಳ ಕೈ ಬಿಟ್ಟುಬಿಟ್ಟಿತು. ಅವನು ಎದ್ದವನೇ ಅವಳ ಕಪಾಳಕ್ಕೆ ಬಿಗಿದು, ಮುಂದಿನ ಸ್ಟಾಪಿನಲ್ಲಿ ಆರಾಮಾಗಿ ಇಳಿದು ಹೋದ.

ತುಂಬಿದ ಬಸ್ಸಿನಲ್ಲಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲವಂತೆ. ಮಾತಾಡಿದ ಒಬ್ಬ ಹಿರಿಯನೂ ಹೆಣ್ಣುಮಕ್ಕಳು ತಗ್ಗಿ ಬಗ್ಗಿ ಇರಬೇಕೆಂದು ಹುಡುಗಿಗೇ ಬುದ್ಧಿ ಹೇಳಿದನಂತೆ.

ಪುಷ್ಪಲತಾಳ ಮೈಯೆಲ್ಲ ಹೊತ್ತಿ ಉರಿಯಿತು. ಆ ಗಂಡಸಿಗೆ, ಬಸ್ಸಿನಲ್ಲಿದ್ದ ಅಷ್ಟೂ ಜನಕ್ಕೆ, ಆ ಬುದ್ಧಿವಂತ ಹಿರಿಯನಿಗೆ ಬಾಯಿಗೆ ಬಂದಂತೆ ಬೈದಳು. ಅವರೆಲ್ಲರ ಸರದಿ ಮುಗಿದ ಮೇಲೆ ಬೈಸಿಕೊಳ್ಳಲು ಉಳಿದವಳು ತಾನೊಬ್ಬಳೇ. ಆ ಹುಡುಗಿಯ ಕೈ ಬಿಡಿಸಿದ್ದು ನಾನೇ ಅನ್ನಿಸಿತು. ನಾಳೆ ಹೋದರಾಯಿತು ಎಂದ ವೀರೇಂದ್ರನ ಮಾತು ಮುಗಿಯುವ ಮೊದಲೇ ಅವಳ ಸ್ಕೂಟರು ಬ್ಯಾಡಗಿ ದಾರಿ ಹಿಡಿದಿತ್ತು.

ಬೇನಜೀರಳ ತಾಯಿ ರಸೂಲಬಿ ಮನೆಯ ಮುಂದೆ ಮೆಣಸಿನಕಾಯಿ ರಾಶಿಯ ಎದುರು ಕೂತು ತೊಟ್ಟು ಬಿಡಿಸುತ್ತಿದ್ದಳು. ಕೂರಲು ಚಾಪೆ ಹಾಸಿದಳು, ಮುಖ ಮಾತ್ರ ಎತ್ತಲಿಲ್ಲ. ಕರಾಟೆ ಸಾಕು, ಕಾಲೇಜೂ ಸಾಕು, ಗಂಡು ನೋಡಲು ಹೇಳಿದ್ದೇವೆ ಎಂದಳು. ಬೇನಜೀರ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು.

"ನೀವು ಕಲಿಸಿದ್ದಕ್ಕ ನನ್ನ ಮಗಳು ಬಸ್ಸಿನ್ಯಾಗ ಹೊಡತಾ ತಿಂದು ಬಂದ್ಲರಿ, ಟೀಚರ್. ಏನೂ ಬರದಿದ್ರ ಸುಮ್ನ ಸರದು ನಿಂದರತಿದ್ಲು."

"ತಪ್ಪು ಆಕಿದಲ್ರಿ, ನಂದು," ಎಂದಳು ಪುಷ್ಪಲತಾ. "ಹಿಡಿಯೂದು ಕಲಿಸಿದೆ. ಯಾರನ್ನ ಬಿಡಬೇಕು, ಯಾರನ್ನ ಬಿಡಬಾರದು ಅನ್ನೂದು ಕಲಿಸಲಿಲ್ಲ."

ಅಷ್ಟು ಹೇಳಿ ಬೇನಜೀರಳನ್ನು ಕರೆದು ಬಲಗೈ ಚಾಚಿದಳು. ಹುಡುಗಿ ತಾಯಿಯ ಮುಖ ನೋಡಿ, ಹಿಂಜರಿಯುತ್ತಲೇ ಬಂದು ಪಟ್ಟು ಹಾಕಿದಳು. ಪುಷ್ಪಲತಾ ಚಾಪೆಯನ್ನು ತಟ್ಟಿದಳು. ಕೈ ಬಿಟ್ಟಿತು. ಬಿಡಬೇಡ ಎಂದು ಹೇಳಿ ಮತ್ತೆ ಚಾಚಿದಳು. ತಟ್ಟಿದಳು. ಮತ್ತೆ ಬಿಟ್ಟಿತು. ತಾನು ಇಷ್ಟು ದಿನ ಬೈದು ಬೈದು ಬೆಳೆಸಿದ ಆ ಒಳ್ಳೆಯತನವನ್ನು ನೋಡಿ ಪುಷ್ಪಲತಾಳಿಗೆ ಅಳು ಬರುವಷ್ಟು ಸಿಟ್ಟು ಬಂತು.

"ನಿಮ್ಮ ಕೈ ಮುರದೀತ್ರಿ, ಮೇಡಂ," ಎಂದಳು ಬೇನಜೀರ.

"ಮುರೀಲಿ. ಹಿಡಿ."

ಹುಡುಗಿ ಹಲ್ಲು ಕಚ್ಚಿ ಒತ್ತಿದಳು. ಪುಷ್ಪಲತಾ ತಟ್ಟಿದಳು. ಬೆರಳುಗಳು ಮತ್ತೆ ಸಡಿಲವಾಗತೊಡಗಿದವು. ಅಷ್ಟರಲ್ಲಿ ರಸೂಲಬಿ ಮಡಿಲಿನ ತೊಟ್ಟು ಕೊಡವಿ ಎದ್ದುಬಂದಳು. ಬಿಡಿಸಲು ಬಂದಳೆಂದೇ ಪುಷ್ಪಲತಾ ಅಂದುಕೊಂಡಳು. ಅವಳು ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಖಾರ ಹತ್ತಿದ ತನ್ನ ಎರಡೂ ಕೈಗಳನ್ನು ಮಗಳ ಕೈಗಳ ಮೇಲಿಟ್ಟು ಬಿಗಿಯಾಗಿ ಒತ್ತಿದಳು.

"ಅದ ಬಸ್ಸಿನ್ಯಾಗ ನಾನೂ ಜನಮಾ ಪೂರ್ತಿ ಸರದು ಸರದು ನಿಂತೇನಿ," ಎಂದಳು. ಹೇಳಿದ್ದು ಮಗಳಿಗೋ ಟೀಚರಿಗೋ ತಿಳಿಯಲಿಲ್ಲ. "ಬಿಡಬ್ಯಾಡ."

ಪುಷ್ಪಲತಾಳ ಮಣಿಕಟ್ಟು ಲಟಕ್ಕೆಂದಿತು. ಕಣ್ಣಲ್ಲಿ ನೀರು ಬಂತು. ಈ ಸಲ ಅವಳು ನಿಜವಾಗಿಯೇ, ನೋವು ತಾಳಲಾರದೆ, ಚಾಪೆಯನ್ನು ಪಟಪಟ ಬಡಿದಳು. ತಾಯಿಯೂ ಬಿಡಲಿಲ್ಲ, ಮಗಳೂ ಬಿಡಲಿಲ್ಲ.

"ನಾಳಿಗೆ ಕಾಲೇಜಿಗೆ ಹೋಗು," ಎಂದಳು ರಸೂಲಬಿ, ಒತ್ತುತ್ತಲೇ.