ನಿಧಾನಕ್ಕೆ ಸಾಯುವ ಕೆರೆ

ಸತ್ತ ಕೆರೆ ನಮಗೆ ಬೇಡ, ಆರೋಗ್ಯವಾಗಿರುವ ಕೆರೆಯೂ ಬೇಡ, ನಿಧಾನಕ್ಕೆ ಸಾಯುವ ಕೆರೆ ಬೇಕು ಎಂದು ನಮ್ಮ ಪ್ರೊಫೆಸರು ಹೇಳಿದಾಗ ನಾವೆಲ್ಲ ನಕ್ಕೆವು. ವಿಶ್ವವಿದ್ಯಾಲಯದಲ್ಲಿ ಕೆರೆಗಳ ಜೀವಜಾಲವನ್ನು ಅಭ್ಯಾಸ ಮಾಡುವ ನಮ್ಮ ತಂಡ, ಕೆರೆಯೊಂದು ಸಾಯುವುದನ್ನು ಅಳೆಯುವ ಹತ್ತು ವರ್ಷದ ಯೋಜನೆ ಹಾಕಲು ಕೂತ ದಿನ ಅದು. ಮೇಜಿನ ಮೇಲೆ ಬೆಂಗಳೂರಿನ ಹೊರವಲಯದ ನಕ್ಷೆ, ನಕ್ಷೆಯ ಮೇಲೆ ಉದ್ದಿನವಡೆಯ ಎಣ್ಣೆ. ಸಾರ್ ಒಂದೊಂದು ಕೆರೆಯ ಮೇಲೂ ಬೆರಳಿಟ್ಟು ಇದು ಎಷ್ಟು ವರ್ಷ ತಡೆಯಬಹುದು ಎಂದು ಕೇಳುತ್ತಿದ್ದರು. ಪೀಣ್ಯ ಕಡೆಯದು ಬೇಗ ಹೋಗುತ್ತದೆ ಎಂದು ಒಬ್ಬರು. ವೈಟ್‌ಫೀಲ್ಡ್ ಕಡೆಯದಕ್ಕೆ ವಾಕಿಂಗ್ ಟ್ರ್ಯಾಕು ಬಂದಿದೆ, ಅದು ಇನ್ನು ಕೆರೆಯೇ ಅಲ್ಲ ಎಂದು ಇನ್ನೊಬ್ಬರು. ಆಸ್ತಿಯ ಮೇಲೆ ಕಣ್ಣಿಟ್ಟ ನೆಂಟರು ಮುದುಕರ ಆಯಸ್ಸು ಲೆಕ್ಕ ಹಾಕುವ ಹಾಗೆ ಕೂತಿದ್ದೆವು.

ಚಂದಾಪುರದ ಆಚೆಯ ಕೆರೆಯನ್ನು ಸೂಚಿಸಿದವಳು ನಾನು. ನನ್ನ ಪಿಎಚ್‌ಡಿ ಅದರ ಮೇಲೆಯೇ. ಒಂದು ಮೂಲೆಗೆ ಕಾರ್ಖಾನೆಯ ಚರಂಡಿ ಬಂದು ಬೀಳುತ್ತಿತ್ತು, ಎದುರು ಮೂಲೆಯಲ್ಲಿ ಇನ್ನೂ ಮೀನಿತ್ತು.

"ಇದು ಆಗುತ್ತಮ್ಮ. ಆರಾಮಾಗಿ ಹತ್ತು ವರ್ಷ ನರಳುತ್ತೆ," ಎಂದರು ಸಾರ್.

ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆ ಕೆರೆ ಯೋಜನೆಯಲ್ಲಿರುವಷ್ಟು ಕಾಲ ನನಗೆ ಕೆಲಸವಿರುತ್ತಿತ್ತು. ತಲೆ ನರೆಯಲು ಶುರುವಾದ ಮೇಲೂ ಮಾರತ್ತಹಳ್ಳಿಯ ಪಿಜಿಯಲ್ಲಿ, ಈಗಷ್ಟೇ ಕಾಲೇಜು ಮುಗಿಸಿದ ಹುಡುಗಿಯರ ಹಿಂದೆ ಬಚ್ಚಲಿಗೆ ಸರದಿ ನಿಲ್ಲುತ್ತಿದ್ದವಳು ನಾನು. ಹತ್ತು ವರ್ಷವೆಂದರೆ ನನ್ನದೇ ಬಾಗಿಲು, ನನ್ನದೇ ಬಚ್ಚಲು.

ತಂಡದಲ್ಲಿ ಒಂದು ಕಟ್ಟಳೆಯಿತ್ತು. ದಡದ ಜನರ ಹತ್ತಿರ ನೀರಿನ ವಿಷಯ ಮಾತಾಡುವಂತಿಲ್ಲ. ಯಾರಾದರೂ ಕೇಳಿದರೆ ಇನ್ನೂ ಟೆಸ್ಟ್ ಆಗಬೇಕು ಎನ್ನಬೇಕು. ವಿಷಯ ತಿಳಿದರೆ ಜನ ಗಲಾಟೆ ಮಾಡುತ್ತಾರೆ, ಗಲಾಟೆಯಾದರೆ ಚರಂಡಿ ಮುಚ್ಚಿಸುತ್ತಾರೆ, ಮುಚ್ಚಿಸಿದರೆ ಹತ್ತು ವರ್ಷದ ಅಳತೆ ನಡುವೆಯೇ ಕೆಟ್ಟುಹೋಗುತ್ತದೆ. "ನಾವು ಡಾಕ್ಟರಲ್ಲ, ನಾಡಿ ಹಿಡ್ಕೊಂಡು ಕೂತಿರೋರು ಅಷ್ಟೆ," ಎಂದು ಸಾರ್ ಹೇಳುತ್ತಿದ್ದರು. ನಾನೂ ಹೊಸಬರಿಗೆ ಅದನ್ನೇ ಹೇಳಿಕೊಡುತ್ತಿದ್ದೆ.

ಏರಿಯ ಕೆಳಗೆ ಶೀಟಿನ ಮನೆಗಳಿದ್ದವು. ಅಲ್ಲಿ ರಾಯಚೂರು ಕಡೆಯಿಂದ ಬಂದ ಸಂಸಾರವೊಂದಿತ್ತು. ಗಂಡನಿಗೆ ಗಾರೆ ಕೆಲಸ, ಹೆಂಡತಿಗೆ ಎದುರಿನ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ. ನಾನು ನೀರಿನ ಮಾದರಿ ತುಂಬಿಸಿಕೊಳ್ಳುವಾಗಲೆಲ್ಲ ಆಕೆ ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿರುತ್ತಿದ್ದಳು. ಒಂದು ದಿನ ಕಂಕುಳಲ್ಲಿದ್ದ ಮಗುವಿನ ಅಂಗಿ ಎತ್ತಿ ತೋರಿಸಿದಳು.

"ನೋಡ್ರಿ ಮೇಡಂ, ಕೂಸಿನ ಮೈತುಂಬ ಗುಳ್ಳಿ ಎದ್ದಾವ. ಈ ನೀರಾಗ ಅರಬಿ ಒಗದ್ರ ಏನೂ ಆಗಂಗಿಲ್ಲಲ್ರಿ?"

ಕಲಿತ ಪಾಠ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮಗು ಕೆರೆದುಕೊಳ್ಳುತ್ತಿತ್ತು. "ಮುಟ್ಟಲೇಬೇಡಿ ಅಕ್ಕ, ಇದಕ್ಕೆ ಕಾರ್ಖಾನೆ ನೀರು ಸೇರ್ತಿದೆ," ಎಂದುಬಿಟ್ಟೆ.

ಆಕೆ ಅದನ್ನು ತಾನು ಕೆಲಸ ಮಾಡುವ ಮನೆಗಳಲ್ಲಿ ಹೇಳಿದಳು. ಅಪಾರ್ಟ್‌ಮೆಂಟಿನವರಿಗೆ ಮಗುವಿನ ಗುಳ್ಳೆ ಅದುವರೆಗೂ ಕಂಡಿರಲಿಲ್ಲ, ಈಗಲೂ ಕಾಣಲಿಲ್ಲ. ತಮ್ಮ ಬೋರ್‌ವೆಲ್ ನೆನಪಾಯಿತು. ಅಸೋಸಿಯೇಷನ್ನಿನವರು ಕಾರ್ಖಾನೆಯ ಗೇಟಿನೆದುರು ಧರಣಿ ಕೂತರು, ಅಧಿಕಾರಿಗಳು ಬಂದರು, ಮಳೆಗಾಲಕ್ಕೆ ಮುಂಚೆಯೇ ಚರಂಡಿ ಬೇರೆ ಕಡೆ ತಿರುಗಿತು. ನೊರೆ ಹೋಯಿತು, ನಾತ ಹೋಯಿತು, ನೀರುಕಾಗೆಗಳು ಬಂದು ರೆಕ್ಕೆ ಒಣಗಿಸಿಕೊಳ್ಳತೊಡಗಿದವು. ನೀರಿನಲ್ಲಿ ಆಮ್ಲಜನಕ ಏರಿದಾಗಲೆಲ್ಲ ನನ್ನ ಕೆಲಸಕ್ಕೆ ಇನ್ನೆಷ್ಟು ದಿನ ಎಂದು ಎಣಿಸುತ್ತಿದ್ದೆ. ಆ ಹಕ್ಕಿಗಳಿಗೆ ಕಲ್ಲು ಹೊಡೆಯಬೇಕು ಅನ್ನಿಸುತ್ತಿತ್ತು.

ಜನರಿಗೆ ಹೇಳಿದ್ದು ಯಾರೆಂದು ಸಾರ್‌ಗೆ ತಿಳಿಯಲು ತಡವಾಗಲಿಲ್ಲ. ಮುಂದಿನ ಮೀಟಿಂಗಿನಲ್ಲಿ ಎಲ್ಲರೆದುರು ನಗುತ್ತಲೇ ಕೇಳಿದರು, "ಕೆರೇನ ನೀನು ಉಳಿಸ್ದೆ, ಸರಿ. ಈಗ ನಿನ್ನನ್ನ ಯಾರು ಉಳಿಸ್ತಾರಮ್ಮ?" ಉಳಿದವರು ತಂತಮ್ಮ ಟೀ ಲೋಟದೊಳಗೆ ನೋಡಿಕೊಂಡರು. ಒಂದೇ ತಟ್ಟೆಯಲ್ಲಿ ವಡೆ ತಿಂದವರು ಅವರೆಲ್ಲ.

ನಾನು ಬಿಡಲಿಲ್ಲ. ಸಾಯುವುದನ್ನು ಅಳೆಯುವವರು ಚೇತರಿಸಿಕೊಳ್ಳುವುದನ್ನೂ ಅಳೆಯಬಹುದಲ್ಲ ಸಾರ್, ಅದಕ್ಕೂ ಹತ್ತು ವರ್ಷ ಬೇಕು ಎಂದೆ. ಅವರ ಮುಖ ಅರಳಿತು. "ಸಕ್ಕತ್ತಾಗಿದೆ. ಪೂರ್ತಿ ಬರ್ಕೊಡು," ಎಂದರು. ಪಿಜಿಯ ಮಂಚದ ಮೇಲೆ ಕೂತು ಹೊಸ ಯೋಜನೆಯನ್ನು ಮೊದಲಿಂದ ಕೊನೆಯವರೆಗೆ ಬರೆದೆ. ಯಾವ ತಿಂಗಳು ಯಾವ ಮೂಲೆಯಲ್ಲಿ ಏನು ಅಳೆಯಬೇಕು, ಯಾವ ಮೀನು ಮೊದಲು ಮರಳಬಹುದು, ಎಲ್ಲವನ್ನೂ. ಬರೆದುಕೊಟ್ಟ ದಿನವೇ ಚಂದಾಪುರದಲ್ಲಿ ಒಂದು ಬಾಡಿಗೆ ಮನೆ ನೋಡಿ, ಬರುತ್ತೇನೆಂದು ಮಾಲೀಕರಿಗೆ ಮಾತು ಕೊಟ್ಟೆ.

ಅಸೋಸಿಯೇಷನ್ನಿನವರು ಏರಿಯ ಮೇಲೆ ಶಾಮಿಯಾನ ಹಾಕಿಸಿ ಸನ್ಮಾನ ಇಟ್ಟುಕೊಂಡರು. ಸಾರ್‌ಗೆ ಮೈಸೂರು ಪೇಟ, ಗಂಧದ ಹಾರ. ಈ ಕೆರೆಯ ಚೇತರಿಕೆಯನ್ನು ನಮ್ಮ ತಂಡ ಇನ್ನು ಹತ್ತು ವರ್ಷ ಅಳೆಯುತ್ತದೆ ಎಂದು ಅವರು ನನ್ನದೇ ವಾಕ್ಯಗಳನ್ನು ಹೇಳುತ್ತಿದ್ದರೆ ಕೆಳಗೆ ಕೂತಿದ್ದ ನನ್ನ ಎದೆ ತುಂಬಿಬಂತು. ಆಮೇಲೆ ಸಾರ್ ನನ್ನನ್ನು ವೇದಿಕೆಗೆ ಕರೆದರು.

"ಈ ಯೋಜನೆನ ನಮ್ಮ ಹೊಸ ಸ್ಕಾಲರ್ ನೋಡ್ಕೊಳ್ತಾರೆ. ಮೇಡಂಗೆ ಬೇರೆ ಕಡೆ ಒಳ್ಳೇ ಅವಕಾಶ ಸಿಕ್ಕಿದೆ, ನಮ್ಮನ್ನ ಬಿಟ್ಟು ಹೋಗ್ತಿದಾರೆ. ಜೋರಾಗಿ ಒಂದು ಚಪ್ಪಾಳೆ ತಟ್ಟಿ."

ಹಾಗೊಂದು ಅವಕಾಶವಿದೆ ಎಂದು ನಾನು ಕೇಳಿದ್ದು ಅದೇ ಮೊದಲು. ಹೊಗಳಿ ಹೊನ್ನಶೂಲಕ್ಕೇರಿಸುವುದು ಅಂತಾರಲ್ಲ, ಅದು. ಶಾಲು ಹೊದಿಸುವ ನೆಪದಲ್ಲಿ ಬಗ್ಗಿ ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ದಡದಲ್ಲಿ ಬಾಯಿ ಬಿಡೋರನ್ನ ಇಟ್ಕೊಂಡು ಹತ್ತು ವರ್ಷದ ಪ್ಲ್ಯಾನ್ ಮಾಡಕ್ಕಾಗಲ್ಲಮ್ಮ." ಎದುರಿಗೆ ಫೋಟೊ ತೆಗೆಯುತ್ತಿದ್ದರು. ಕೈ ಮುಗಿದು ನಿಂತೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಆ ಅಕ್ಕ.

ಊಟದ ಸಾಲಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. ಮಗುವಿನ ಮೈ ನುಣ್ಣಗಾಗಿತ್ತು.

"ಛಲೋ ನೌಕ್ರಿ ಸಿಕ್ಕೇತಂತಲ್ರಿ. ನಿಮ್ಮಂಥಾರಿಗೆ ಸಿಗಬೇಕ್ರಿ. ಎಲ್ಲೈತ್ರಿ ಅದು?"

"ದೂರ, ಅಕ್ಕ," ಎಂದೆ.

"ಹೋಗಿ ಬರ್ರಿ," ಎಂದು ಆಕೆ ನನ್ನ ಹೆಗಲಿಂದ ಜಾರುತ್ತಿದ್ದ ಶಾಲನ್ನು ಸರಿಮಾಡಿದಳು.