ಕಣದಂಚಿನ ಬಿಲ

ಮದುವೆಯಾಗಿ ಪೆನ್ನಾಗರಂ ಕಡೆಯ ಹಳ್ಳಿಗೆ ಬರುವ ತನಕ ಜೇಡವೆಂದರೆ ಮೂಲೆಯ ಬಲೆ ಎಂದಷ್ಟೇ ತಿಳಿದವಳು ನಾನು. ಮೊರಪ್ಪೂರಿನ ನಮ್ಮ ಮನೆಯಲ್ಲಿ ಅದಕ್ಕೂ ಪೊರಕೆಗೂ ಮಾತ್ರ ಸಂಬಂಧ. ಬಲೆಯ ಗೊಡವೆಯಿಲ್ಲದೆ, ನೆಲದಲ್ಲಿ ಬಿಲ ಮಾಡಿಕೊಂಡು, ಹುಳವನ್ನು ಅಟ್ಟಿಸಿಕೊಂಡು ಹೋಗಿ ತಿನ್ನುವ ಜೇಡವನ್ನು ಕಂಡದ್ದು ತೊಂಬತ್ತರ ದಶಕದ ಒಂದು ರಾಗಿ ಕೊಯ್ಲಿನಲ್ಲಿ, ಅತ್ತೆಯ ಜೊತೆ ಕಣ ಕೆತ್ತುವಾಗ.

ಕಣದಂಚಿಗೆ ಹೆಬ್ಬೆರಳು ತೂರುವಷ್ಟು ತೂತು. ಬಿಸಿಲೇರಿದರೆ ಮಣ್ಣಿನ ಬಣ್ಣದ ಜೇಡವೊಂದು ಹಿಮ್ಮುಖವಾಗಿ ಮೇಲೆ ಬರುತ್ತಿತ್ತು. ಹಿಂಬದಿಗೆ ಅಂಟಿಕೊಂಡ ಬಿಳಿ ಉಂಡೆಯೊಂದನ್ನು ಬಿಸಿಲಿಗೊಡ್ಡಿ, ಹಿಂಗಾಲಿನಿಂದ ಮೆಲ್ಲಗೆ ತಿರುಗಿಸುತ್ತಿತ್ತು, ಹಪ್ಪಳ ಮಗುಚಿ ಒಣಗಿಸುವವರ ಹಾಗೆ. ನನ್ನ ನೆರಳು ಬಿದ್ದರೆ ಸರ್ರನೆ ಒಳಗೆ.

ಉಂಡೆಯಲ್ಲೇನಿದೆ ಎಂದು ಮನೆಯಲ್ಲಿ ಕೇಳಿದೆ. ಗಂಡ ಹತ್ತಿ ಎಂದ. ಮಾವ ಬಂದು ನೋಡದೆಯೇ, ಹಲ್ಲಿ ಮೊಟ್ಟೆ ಕದ್ದಿರಬೇಕು ಎಂದು ತೀರ್ಪು ಕೊಟ್ಟರು. ಅತ್ತೆ ನನ್ನನ್ನೊಮ್ಮೆ ನೋಡಿ ಕೆಲಸಕ್ಕೆ ತಿರುಗಿದರು. ಕೆಲಸ ಬಿಟ್ಟು ತೂತಿನ ಮುಂದೆ ಕುಕ್ಕರಗಾಲಲ್ಲಿ ಕೂರುವ ಸೊಸೆಯ ಮೇಲೆ ಸಿಟ್ಟಿರಬೇಕು ಅಂದುಕೊಂಡೆ. ನನಗೋ ಅದು ಅದರದೇ ಮೊಟ್ಟೆಯೆಂಬ ಗುಮಾನಿ. ಒಡೆಯುವುದನ್ನು ನೋಡದೆ ಸಮಾಧಾನವಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ನನಗೆ ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಹಿಂದಿನ ವರ್ಷ ಹೀಗೇ ಆದಾಗ ಊರಿಗೆಲ್ಲ ಗೊತ್ತಾಗಿ, ಆಮೇಲೆ ಬಸಿರು ಇಳಿದುಹೋಗಿತ್ತು. ಈ ಸಲ ಗಂಡನಿಗೂ ಹೇಳಿರಲಿಲ್ಲ. ಜೇಡದ ಮರಿಗಳು ಹೊರಬಂದರೆ ನನ್ನದೂ ಉಳಿಯುತ್ತದೆ ಎಂದು ಮನಸ್ಸು ಹೇಗೋ ಗಂಟು ಹಾಕಿಕೊಂಡಿತ್ತು. ಪೆದ್ದುತನವೇ, ಆದರೆ ಹೆದರಿಕೆ ನಿಜವಾದದ್ದು.

ಕಣ ಸಾರಿಸುವ ದಿನ ಬಂತು. ಬಿಲ ಬಿರುಕುಗಳಿಗೆಲ್ಲ ಮಣ್ಣು ತುಂಬಿ ಮೆಟ್ಟಿ, ಮೇಲೆ ಸಗಣಿ ಬಗ್ಗಡ ಬಳಿಯಬೇಕು. ಇಲ್ಲದಿದ್ದರೆ ರಾಗಿ ನೆಲದ ಪಾಲು. ಬಳಿಯುತ್ತ ಬಂದವಳು ಆ ತೂತಿನ ಹತ್ತಿರ ಕೈ ನಿಲ್ಲಿಸಿದೆ. ಅಷ್ಟರಲ್ಲಿ ಮಾವ ಮಣ್ಣಿನ ಮಂಕರಿ ಹಿಡಿದು ಬಂದರು.

"ಅದ್ನ ಮುಚ್ಬ್ಯಾಡಿ, ಬುಡಿ," ಎಂದರು ಅತ್ತೆ, ಬಗ್ಗಿದ ಸೊಂಟ ಎತ್ತದೆ.

ಒಂದು ಹುಳ-ಪೂಚಿಗೋಸ್ಕರ ಕಣ ಕೆಡಿಸಿಕೊಳ್ಳುವುದೇ ಎಂದು ಮಾವ ಗೊಣಗಿದರು.

"ಬಸ್ರಿ ಇರೋ ಮನೆಯೋರು ಬಿಲ ಮುಚ್ಚಬಾರ್ದು."

ಮಾವ ನನ್ನನ್ನು ನೋಡಿದರು. ನಾನು ಸಗಣಿ ಕೈಯನ್ನೇ ನೋಡಿಕೊಂಡೆ. ಅತ್ತೆ ತೂತಿನ ಸುತ್ತ ಒಂದು ಗೇಣು ಜಾಗ ಬಿಟ್ಟು ಸಾರಿಸಿಕೊಂಡು ಮುಂದೆ ಹೋದರು.

ರಾಗಿ ಬಡಿದು ಮುಗಿಯುವ ಹೊತ್ತಿಗೆ ಉಂಡೆ ಒಡೆಯಿತು. ಜೇಡದ ಬೆನ್ನ ಮೇಲೆ ಎಳ್ಳಿಗಿಂತ ಸಣ್ಣ ಮರಿಗಳು, ಒಂದರ ಮೇಲೊಂದು. ಜಾರಿ ಬಿದ್ದದ್ದು ತಾಯಿಯ ಕಾಲು ಹತ್ತಿ ಮತ್ತೆ ಬೆನ್ನಿಗೆ ಹೋಗುತ್ತಿತ್ತು. ಹಪ್ಪಳದಂತೆ ಒಣಗಿಸಿದ್ದು ಇದನ್ನೇ ಎಂದು ನನಗೆ ನಗು ತಡೆಯಲಾಗಲಿಲ್ಲ.

ಮಗಳು ಹುಟ್ಟಿದ ಮೇಲೆ, ಅತ್ತೆ ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ಯುತ್ತಿದ್ದಾಗ, ಅವತ್ತು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನೀನು ಬಿಲ ನೋಡ್ತಾ ಕೂತಿದ್ದೆ," ಎಂದರು. "ನಾನು ನಿನ್ನ ನೋಡ್ತಾ ಇದ್ದೆ."