ಖಾಲಿಯಾಗಿ ಬಂದ ರೊಟ್ಟಿ ಡಬ್ಬಿ

ರೊಟ್ಟಿಯ ಅಂಚಿಗೆ ಉಗುರಿನಗಲದ ತೆಳು ಪೊರೆ ಅಂಟಿಕೊಂಡಿತ್ತು. ಹಿಟ್ಟಲ್ಲ — ನಿಮ್ಮ ಅಂಗೈಯ ಚರ್ಮ, ವೈನಿ. ಆ ದಿನದಿಂದ ನೀವು ಯೂನಿವರ್ಸಿಟಿಗೆ ಕಟ್ಟಿಕೊಟ್ಟ ರೊಟ್ಟಿಯನ್ನು ನಾನು ತಿನ್ನಲಿಲ್ಲ. ವೆಸ್ಟ್‌ಮೀಡ್ ಸ್ಟೇಷನ್ನಿನಲ್ಲಿ ರೈಲು ಹತ್ತುವ ಮೊದಲು ಕಸದ ಬುಟ್ಟಿಗೆ ಹಾಕುತ್ತಿದ್ದೆ. ಸಂಜೆ ಖಾಲಿ ಡಬ್ಬಿ ತಂದು ‘ಭಾಳ ಛಲೋ ಇದ್ದೂ’ ಎನ್ನುತ್ತಿದ್ದೆ.

ಕೀಮೋ ಮಾತ್ರೆಗಳು ನಿಮ್ಮ ಅಂಗೈ, ಅಂಗಾಲುಗಳನ್ನು ಸುಲಿಯುತ್ತಿದ್ದ ತಿಂಗಳುಗಳವು. ನಿಮ್ಮನ್ನು ನನ್ನ ಜೊತೆ ಬಿಟ್ಟು ಅಣ್ಣ ಕೆಲಸದ ಮೇಲೆ ಮೆಲ್ಬರ್ನ್‌ನಲ್ಲಿದ್ದ, ಫ್ಲ್ಯಾಟಿನಲ್ಲಿ ನಾವಿಬ್ಬರೇ. ನಲ್ಲಿ ತಿರುಗಿಸಲು ನನ್ನನ್ನು ಕರೆಯುತ್ತಿದ್ದಿರಿ. ಬ್ಲೌಸಿನ ಹುಕ್ಕು ನಾನೇ ಹಾಕಬೇಕಿತ್ತು. ಹಿಮ್ಮಡಿಯ ಮೇಲೆ ಓಡಾಡುತ್ತಿದ್ದಿರಿ. ಆದರೆ ಆಸ್ಪತ್ರೆಯ ಕ್ರೀಮು ಹಚ್ಚಿಕೊಳ್ಳಿ ಎಂದರೆ, ‘ಕೈ ಜಿಡ್ಡಾದ್ರ ರೊಟ್ಟಿ ಹೆಂಗ ಬಡೀಲಿ?’ ಹತ್ತಿಯ ಗ್ಲೌಸು ಕೊಟ್ಟರೆ, ‘ಬ್ಯಾಂಡ್ ಬಾರಸವ್ರಂಗ ಕಾಣ್ತೀನಿ.’ ಬೆಳಗಾದರೆ ಮತ್ತೆ ಕುದಿನೀರಿನ ಹಿಟ್ಟಿಗೆ ಕೈ. ನನಗೆ ರೇಗುತ್ತಿತ್ತು, ವಿಪರೀತ ರೇಗುತ್ತಿತ್ತು. ರೊಟ್ಟಿ ನನಗೆ ಬೇಡ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು — ಆದರೆ ಯಾಕೆ ಬೇಡ ಎಂದು ನೀವು ಕೇಳಿದ್ದರೆ...

ಆಸ್ಪತ್ರೆಯ ಮುಂದಿನ ಭೇಟಿಯಲ್ಲಿ ನರ್ಸ್ ನಿಮ್ಮ ಬಿರಿದ ಅಂಗೈಯನ್ನು ತಿರುಗಿಸಿ ನೋಡಿದಳು. ಬಿಸಿನೀರಿಗೆ ಕೈ ಹಾಕುತ್ತಾರೆಯೇ, ತಿಕ್ಕುವ ಬಡಿಯುವ ಕೆಲಸವಿದೆಯೇ ಎಂದು ಕೇಳಿದಳು. ಅದನ್ನು ನಿಮಗೆ ಕನ್ನಡದಲ್ಲಿ ಹೇಳಿದೆ.

‘ದಿನಾ ರೊಟ್ಟಿ ಬಡೀತೀನಿ. ಈಕಿ ರೊಟ್ಟಿ ಇಲ್ಲದ ಉಣ್ಣಂಗಿಲ್ಲ ಅಂತ ಹೇಳವಾ ಆಕಿಗೆ.’

ಹೇಳಿದೆ. ನನ್ನದೇ ಬಾಯಿಂದ, ಇಂಗ್ಲಿಷಿನಲ್ಲಿ, ಒಂದು ಮಾತೂ ಬಿಡದೆ. ನರ್ಸ್ ನಿಮ್ಮ ಕೈ ಬಿಟ್ಟು ನನ್ನನ್ನು ನೋಡಿದಳು. ಕೈ ಮಾಯುವವರೆಗೆ ಡಾಕ್ಟರು ಮಾತ್ರೆ ನಿಲ್ಲಿಸಿದರು. ಮನೆಯ ದಾರಿಯಲ್ಲಿ ನೀವು ಕೇಳಿದ್ದು ಒಂದೇ: ‘ಮಾತ್ರಿ ಬಿಟ್ರ ಅದು ಮತ್ತ ಬೆಳಿಯೂದಿಲ್ಲೇನ?’

ಬೆಳೆಯಲಿಲ್ಲ. ಅದು ನನ್ನ ಪುಣ್ಯವಲ್ಲ. ಈಗ ನೀವೂ ಅಣ್ಣನ ಬಳಿ ಹೋಗಿದ್ದೀರಿ. ನಾನು ಮೆಲ್ಬರ್ನ್‌ಗೆ ಬಂದಾಗಲೆಲ್ಲ, ನನಗೆ ಇಷ್ಟವೆಂದು, ನೀವು ಹಿಟ್ಟು ನಾದುವ ಪರಾತ ಎಳೆದುಕೊಂಡು ಕೂರುತ್ತೀರಿ. ಅದನ್ನು ನೋಡಲಾರದೆ ಬರೆಯುತ್ತಿದ್ದೇನೆ. ನನಗೆ ಅಸಹ್ಯವಾಗಿತ್ತು, ವೈನಿ. ಅದನ್ನು ಮುಚ್ಚಲು ಹೊಗಳಿದೆ. ಆ ಹೊಗಳಿಕೆಗಾಗಿ ನೀವು ಕೈ ಸುಟ್ಟುಕೊಂಡಿರಿ.

ಅಂದು ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ನಿಮಗಿಂತ ಮೊದಲೆದ್ದು ನಾನೇ ಹಿಟ್ಟು ನಾದಿದೆ. ನೀವು ಗ್ಲೌಸು ಹಾಕಿಕೊಂಡು ಬಾಗಿಲಲ್ಲಿ ನಿಂತು, ‘ನೀರು ಇನ್ನೂ ಕುದೀಬೇಕಿತ್ತು’ ಎಂದಿರಿ. ನಿಜ ಹೇಳುವ ಬದಲು ರೊಟ್ಟಿ ಬಡಿದೆ; ಹರಿದವು. ಹರಿದ ರೊಟ್ಟಿಗಳನ್ನೇ ಡಬ್ಬಿಗೆ ತುಂಬಿಕೊಂಡು, ಸ್ಟೇಷನ್ನಿನ ಕಸದ ಬುಟ್ಟಿಯನ್ನು ದಾಟಿ, ರೈಲು ಹತ್ತಿದೆ.